ಮಂಗಳವಾರದ ಚಂದ್ರಮೋಹನ್

ಅಕ್ಟೋಬರ್ 3, 2023, ಮಂಗಳವಾರ

ಆರಕ್ಕೆ ಚಂದ್ರಮೋಹನ್ ಫೋನ್. ಬಾಯಲ್ಲಿ ಚಕ್ಕುಲಿ... ಗಬಕ್ಕನೆ ನುಂಗಿದೆ. ಈ ವಾರವೂ ದುಡ್ಡಿಟ್ಟು ಇಸ್ಪೀಟು ಆಡುವ ಆ ಕಾರ್ಡ್‌ರೂಮ್ ಕಡೆ ತಲೆ ಹಾಕಲಿಲ್ಲವಂತೆ. ಬಂದರಿನ ಹತ್ತಿರ ವಾಕಿಂಗ್ ಮಾಡಿ, ಬಂಗುಡೆ ತಂದು ಸಾರು ಮಾಡಿದರಂತೆ. ಶಾಭಾಸ್ ಅಂದೆ.

ಅವರ ಹೆಸರು ಚಂದ್ರಮೋಹನ್ ಅಲ್ಲ. ಲಾಸ್ ಏಂಜಲೀಸ್ ಬಂದರಿನ ಪಕ್ಕದ ನಮ್ಮ ಸ್ಯಾನ್ ಪೀಡ್ರೊ ಐತಪ್ಪಣ್ಣ. ಜೂಜು ಬಿಡಬೇಕು ಅನ್ನುವವರ ಈ ಹೆಲ್ಪ್‌ಲೈನಿನಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಜನವರಿಯಲ್ಲಿ ಮೊದಲ ಸಲ ಗಂಟಲು ಕೆರೆದು, “ವಿಷಯ ಎಂಥ ಅಂದ್ರೆ” ಅಂದರು. ಆಗಲೇ ಗೊತ್ತಾಯಿತು. ಇಲ್ಲಿರುವ ನಮ್ಮ ಊರವರ ಕರಾವಳಿ ಕೂಟದ ಮೀಟಿಂಗಿನಲ್ಲೂ ಅವರ ಮಾತು ಶುರುವಾಗುವುದು ಹಾಗೇ. ನನ್ನ ಸ್ವರ ಅವರಿಗೆ ಗೊತ್ತಾಗಲಿಲ್ಲವಾ? ಗೊತ್ತಾಗಿದೆ, ಪಕ್ಕಾ. ಮಂಗಳವಾರ ಎಲ್ಲ ಹೇಳುತ್ತಾರೆ, ಶನಿವಾರ ಸಿಕ್ಕಿದರೆ “ಏನು ಜಲಜಾಕ್ಷಿ, ಟ್ರಾಫಿಕ್ ಜೋರಿತ್ತಾ?” ಅಷ್ಟೇ. ಇಬ್ಬರೂ ಮಹಾ ಮರ್ಯಾದಸ್ಥರು.

ಅವರ ಹೆದರಿಕೆ ಒಂದೇ. ಪೊಮೊನಾದಲ್ಲಿ ಪಾಠ ಮಾಡುವ ಮಗಳು ನಿಶ್ಮಿತಾಗೆ ಗೊತ್ತಾದರೆ?

ಅಕ್ಟೋಬರ್ 7, ಶನಿವಾರ

ಕರ್ನಿ ಮೆಸಾದಲ್ಲಿ ಕೂಟದ ಮೀಟಿಂಗ್. ದೀಪಾವಳಿಗೆ ತಂಬೋಲಾ ಆಡಿಸಿ ದುಡ್ಡು ಎತ್ತೋಣ ಅಂತ ಒಬ್ಬರು. ಸಂದೇಶ್ ಎದ್ದು ನಿಂತ — ಅಯ್ಯೋ, ಪರ್ಮಿಟ್ ಬೇಕು, ಟಿಕೆಟ್ ಮಾರಿದರೆ ಜೂಜು ಅಂತಾರೆ, ಪೇಪರ್‌ವರ್ಕ್ ಗೊತ್ತುಂಟಾ... ಇವನು ಲಾಸ್ ಏಂಜಲೀಸಿನಲ್ಲಿ ಕಾರ್ಡ್‌ರೂಮ್ ಮಾಲೀಕರ ಸಂಘದಲ್ಲಿ ಕೆಲಸ ಮಾಡುವವ! ಜೂಜಿನವರ ವಕಾಲತ್ತು ಮಾಡುವವನೇ ಅಜ್ಜಿಯಂದಿರ ತಂಬೋಲಾಕ್ಕೆ ಬೆವರಿದ. ನಗು ತಡೆಯಲಿಕ್ಕೆ ಆಗಲಿಲ್ಲ. ಕಡೆಗೆ ಟಿಕೆಟ್ ಫ್ರೀ, ಬಹುಮಾನಕ್ಕೆ ಒಂದು ಪ್ರೆಶರ್ ಕುಕ್ಕರ್ ಅಂತ ತೀರ್ಮಾನ.

ನಂಬರ್ ಕೂಗುವವರು ಯಾರು? ಇಡೀ ರೂಮು ಒಂದೇ ಸ್ವರದಲ್ಲಿ, ಐತಪ್ಪಣ್ಣ! ಅಂಥ ಕಂಚಿನ ಕಂಠ ಬೇರೆ ಯಾರಿಗುಂಟು? ಅವರು ಬೇಡ ಬೇಡ ಅಂದರು. ಸಂಕೋಚ ಅಂದುಕೊಂಡು ಚಪ್ಪಾಳೆ ಹೊಡೆದರು. ನಾನು ಬಾಯಿಗೆ ಬೀಗ ಹಾಕಿ ಕೂತೆ. ಅವರು ನನ್ನ ಕಡೆ ನೋಡಲಿಲ್ಲ. ಮಂಡೆಬಿಸಿ.

ಅಕ್ಟೋಬರ್ 10, ಮಂಗಳವಾರ

“ವಿಷಯ ಎಂಥ ಅಂದ್ರೆ, ನನ್ನ ಒಬ್ಬ ಫ್ರೆಂಡಿಗೆ ತಂಬೋಲಾ ನಂಬರ್ ಕೂಗಲು ಹೇಳಿದ್ದಾರೆ.” ಫ್ರೆಂಡ್ ಅಂತೆ ಫ್ರೆಂಡ್. ನಂಬರಿನ ಚೀಲಕ್ಕೆ ಕೈ ಹಾಕಿದರೆ ಹಳೇ ಚಟ ಏಳಬಹುದು ಅಂತ ಆ ಫ್ರೆಂಡಿಗೆ ಭಯವಂತೆ. ಆಗುವುದಿಲ್ಲ ಅಂದರೆ ಯಾಕೆ ಅಂತ ಕೇಳುತ್ತಾರಂತೆ. ಬೆನ್ನು ನೋವು ಅಂತ ಹೇಳಲಿ ನಿಮ್ಮ ಫ್ರೆಂಡ್, ಅಂದೆ. ನಂಬರ್ ಕೂಗಲಿಕ್ಕೆ ಬೆನ್ನು ಎಂತಕ್ಕೆ ಮೇಡಂ, ಅಂದರು. ಅದೂ ಸರಿ. ಇಬ್ಬರೂ ನಕ್ಕೆವು. ಆದರೂ ಅವರ ಉಸಿರು ಭಾರ ಇತ್ತು.

ಅಕ್ಟೋಬರ್ 12

ದೊಡ್ಡ ಮೀಟಿಂಗ್. ಜೂಜಿಗೆ ಲೈಸೆನ್ಸ್ ಕೊಡುವವರು, ಜೂಜು ಆಡಿಸುವವರು, ಜೂಜು ಬಿಡಿಸುವ ನಾವು — ಒಂದೇ ಟೇಬಲ್, ಒಂದೇ ಒಣಕಲು ಸ್ಯಾಂಡ್‌ವಿಚ್. ಎದುರಿಗೆ ಟೈ ಕಟ್ಟಿದ ಸಂದೇಶ್. ಗುರುತೇ ಇಲ್ಲದವನ ಹಾಗೆ “ಗುಡ್ ಮಾರ್ನಿಂಗ್ ಮ್ಯಾಮ್” ಅಂದ. ಆಮೇಲೆ ಮೆಲ್ಲಗೆ, ಅಕ್ಕಾ ಉಪ್ಪಿನಕಾಯಿ ತಂದಿದ್ದೀರಾ ಅಂತ.

ಅಲ್ಲೇ ಬಂತು ಗ್ರಹಚಾರ. ಪರಿಚಯದವರು ಫೋನ್ ಮಾಡಿದರೆ ಮೊದಲೇ ಹೇಳಿಬಿಡಬೇಕು, ಬೇರೆಯವರು ಬೇಕಾ ಅಂತ ಕೇಳಬೇಕು ಅಂತ ನಮ್ಮ ಸೂಪರ್‌ವೈಸರ್ ಮರಿಯಾ ರೂಲ್ ನೆನಪಿಸಿದಳು. ಊಟದ ಹೊತ್ತಿಗೆ ಹೆಸರು ಎತ್ತದೆ ವಿಷಯ ಹೇಳಿದೆ. “ನಿನ್ನ ಭಾಷೆಯವರದು ಹತ್ತೇ ಮನೆ ಇದ್ದರೆ ಹೀಗಾಗುತ್ತದೆ. ಆದರೂ ಹೇಳು,” ಅಂದಳು. ಹೇಳಿದ ಕೂಡಲೇ ಮನುಷ್ಯ ನಾಚಿ ಫೋನ್ ಇಟ್ಟರೆ? ಮತ್ತೆ ಆ ಕಾರ್ಡ್‌ರೂಮಿಗೇ ಹೋದರೆ? ಹಡಗಿನಲ್ಲಿ ದುಡಿದವರು, ಇಂಗ್ಲಿಷಿನವರ ಹತ್ತಿರ ಹಡಗಿನ ವಿಷಯ ಮಾತಾಡಿಯಾರು, ಇದನ್ನು ಮಾತಾಡಲಾರರು.

ಅಕ್ಟೋಬರ್ 17, ಮಂಗಳವಾರ

ಹೇಳಿದೆ. “ಚಂದ್ರಮೋಹನ್ ಅವರೇ, ನನಗೆ ನಿಮ್ಮ ಪರಿಚಯ ಉಂಟು. ಬೇರೆಯವರ ಹತ್ತಿರ ಮಾತಾಡಬೇಕಾ?”

ಗಂಟಲು ಕೂಡ ಕೆರೆಯಲಿಲ್ಲ. ಲೈನ್ ಕಟ್.

ಅಕ್ಟೋಬರ್ 24, ಮಂಗಳವಾರ

ಫೋನ್ ಇಲ್ಲ. ವಿಜಯದಶಮಿಯ ಪಾಯಸ ರುಚಿಸಲಿಲ್ಲ. ಸಕ್ಕರೆ ಕಮ್ಮಿಯಾಯಿತಾ ಅಂತ ಇವರು ಕೇಳಿದರು. ಹ್ಞೂಂ ಅಂದೆ. ಗಂಡನಿಗಾದರೂ ಏನಂತ ಹೇಳಲಿ?

ಅಕ್ಟೋಬರ್ 31

ಇಲ್ಲ.

ನವೆಂಬರ್ 4, ಶನಿವಾರ

ದೀಪಾವಳಿ ಕಾರ್ಯಕ್ರಮ. ಹಾಲ್ ತುಂಬ ಜನ, ಮಕ್ಕಳ ಗಲಾಟೆ, ಕೋರಿ ರೊಟ್ಟಿ ಪರಿಮಳ. ಐತಪ್ಪಣ್ಣ ಬಂದಿದ್ದರು! ನಿಶ್ಮಿತಾ ಜೊತೆಗೆ. ನನಗೆ ಹೋದ ಜೀವ ಬಂದ ಹಾಗಾಯಿತು. ಅವರು ಟ್ರಾಫಿಕ್ ಕೇಳಲಿಲ್ಲ. ನಾನೂ ಹತ್ತಿರ ಹೋಗಲಿಲ್ಲ.

ಸಂದೇಶ್ ಮೈಕ್ ಕೊಟ್ಟ. ನಂಬರಿನ ಚೀಲ ಮುಂದಿಟ್ಟ. ಐತಪ್ಪಣ್ಣ ಗಂಟಲು ಕೆರೆದರು.

“ವಿಷಯ ಎಂಥ ಅಂದ್ರೆ, ಈ ಚೀಲಕ್ಕೆ ನಾನು ಕೈ ಹಾಕುವುದಿಲ್ಲ. ಇಸ್ಪೀಟಿನ ಚಟ ಇತ್ತು ನನಗೆ. ಬಿಟ್ಟಿದ್ದೇನೆ. ಸಹಾಯ ಕೇಳಿ ಬಿಟ್ಟದ್ದು.”

ಅವರು ಮೈಕ್ ವಾಪಸ್ ಕೊಟ್ಟು, ನಂಬರ್ ನೀವೇ ಕೂಗಿ, ನಾನು ಬಡಿಸ್ತೇನೆ ಅಂತ ಸಾರಿನ ಸೌಟು ಹಿಡಿದರು. ನಿಶ್ಮಿತಾ ಎದ್ದು ಹೋಗಿ ಪಕ್ಕದಲ್ಲಿ ರೊಟ್ಟಿ ಮುರಿದು ಹಾಕುತ್ತ ನಿಂತಳು. ಪುಣ್ಯಾತಗಿತ್ತಿ! ಅಪ್ಪನ ಹೆಗಲಿಗೆ ಹೆಗಲು ಒತ್ತಿ ನಿಂತಳು, ಅಷ್ಟೇ. ನನಗೆ ಅಳು ಬಂತು. ಖಾರ ಅಂತ ಹೇಳಿದೆ.

ನಂಬರ್ ಸಂದೇಶನೇ ಕೂಗಿದ — ಅವನ ಸ್ವರಕ್ಕೆ ಅರ್ಧ ಜನ ಎದ್ದು ಊಟಕ್ಕೆ ಹೋದರು. ಕುಕ್ಕರ್ ಗೆದ್ದದ್ದು ವಿಕಾಸ್, ಬೆಂಗಳೂರಿನ ಟೆಲಿಕಾಂ ಇಂಜಿನಿಯರ್. ಒಂದು ಕುಕ್ಕರಿಗೆ ಅಷ್ಟು ಕುಣಿಯುವುದಾ! ಐತಪ್ಪಣ್ಣ ಸೌಟು ಹಿಡಿದುಕೊಂಡೇ ಅವನನ್ನು ನೋಡುತ್ತಿದ್ದರು. ಆಮೇಲೆ ಅವನ ತಟ್ಟೆಗೆ ಸಾರು ಹಾಕುತ್ತ ತುಂಬ ಹೊತ್ತು ಏನೋ ಮಾತಾಡಿದರು.

ನವೆಂಬರ್ 7, ಮಂಗಳವಾರ

ಆರು ಗಂಟೆ. “ವಿಷಯ ಎಂಥ ಅಂದ್ರೆ ಜಲಜಾಕ್ಷಿ, ನಾನು ಐತಪ್ಪ.”

ಗೊತ್ತುಂಟು ಐತಪ್ಪಣ್ಣ, ಅಂದೆ. ಗೊತ್ತುಂಟು ಅಂತ ಗೊತ್ತುಂಟು, ಅಂದರು. ಪಕ್ಕದ ಡೆಸ್ಕಿನವಳು ಹೆದರಿ ನೋಡುವಷ್ಟು ನಕ್ಕೆ. ಆವತ್ತು ಫೋನ್ ಇಟ್ಟ ಮೇಲೆ ಸಿಟ್ಟು ಬಂದಿತ್ತಂತೆ. ಆಮೇಲೆ ಯೋಚನೆ ಬಂತಂತೆ — ಒಬ್ಬಳಿಗೆ ಗೊತ್ತಿದ್ದೂ ನನ್ನ ಮರ್ಯಾದೆ ಹೋಗಲಿಲ್ಲವಲ್ಲ, ಉಳಿದವರಿಗೆ ಗೊತ್ತಾದರೆ ಏನು ಅಂತ. ಬೇರೆಯವರು ಬೇಡ, ನೀನೇ ಸಾಕು ಅಂದರು. ಮಗಳು ಇನ್ನು ಶನಿವಾರ ಶನಿವಾರ ವಾಕಿಂಗಿಗೆ ಬರುತ್ತಾಳಂತೆ.

ಇಡುವ ಮುಂಚೆ ಹೇಳಿದರು — ಚಂದ್ರಮೋಹನ್ ಹೆಸರು ಖಾಲಿ ಉಂಟು, ಬೇಕಾದವರಿಗೆ ಕೊಟ್ಟಿದ್ದೇನೆ. ತಮಾಷೆ ಅಂದುಕೊಂಡೆ.

ನವೆಂಬರ್ 14, ಮಂಗಳವಾರ

ಏಳು ಗಂಟೆಗೆ ಇನ್ನೊಂದು ಫೋನ್. ಬೆಂಗಳೂರು ಕನ್ನಡ. ಎಳೇ ಸ್ವರ, ನಡುಗುತ್ತಿತ್ತು. “ಮೇಡಂ... ನನ್ನ ಹೆಸರು... ಚಂದ್ರಮೋಹನ್.”

ಹಿಂದಿನಿಂದ ಕುಕ್ಕರ್ ಸೀಟಿ ಹೊಡೆಯಿತು. ಅಯ್ಯೋ ಮಗಾ ವಿಕಾಸ.

ಈ ಸಲ ಹತ್ತು ತಿಂಗಳು ಕಾಯಲಿಲ್ಲ. “ಬಂದದ್ದು ಒಳ್ಳೇದಾಯ್ತು, ಚಂದ್ರಮೋಹನ್. ಮೊದಲು ಆ ಸ್ಟವ್ ಸಣ್ಣ ಮಾಡಿ ಬನ್ನಿ. ಆಮೇಲೆ ನಿಮಗೊಂದು ವಿಷಯ ಹೇಳಬೇಕು. ವಿಷಯ ಎಂಥ ಅಂದ್ರೆ —”