ಎಲ್ಲ ದಾರಿಯೂ ಹಸಿರು ನದಿಗೆ

ಪಿರೊತ್,
ಗುರುವಾರ, 19 ಮೇ 2011

ಪ್ರೀತಿಯ ನಾದಿನಿ ಯಾಗೊದಾ,

ಲಕೋಟೆಯ ಮೇಲೆ ನನ್ನ ಕೈಬರಹ ನೋಡಿದವಳೇ ಇದನ್ನು ಒಲೆಗೆ ಹಾಕಬೇಡ, ಪುಣ್ಯಾತ್ಗಿತ್ತಿ. ಮೊದಲು ಕೂತುಕೋ, ಕಾಫಿ ಕಾಸಿಕೋ, ಆಮೇಲೆ ಓದು. ನಿನ್ನ ಮೊಣಕಾಲು ಈಗ ಹೇಗಿದೆ? ಪಕ್ಕದ ಮನೆ ಮಿಲುಂಕಾಳ ಮಗಳು ನಿಮ್ಮ ಸ್ಲೊವೇನಿಯಾದಲ್ಲಿ ಕೆಲಸಕ್ಕಿದ್ದಾಳಲ್ಲ, ಅವಳ ಬಾಯಿಂದ ನಿನ್ನ ಸುದ್ದಿ ಅಷ್ಟಿಷ್ಟು ನಮ್ಮ ಬೇಲಿ ದಾಟಿ ಬರುತ್ತದೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೀಯಂತೆ. ಎಲೆಕೋಸಿನ ಎಲೆ ಜಜ್ಜಿ ಮಲಗುವಾಗ ಬಟ್ಟೆಯಲ್ಲಿ ಕಟ್ಟಿಕೋ. ನಗಬೇಡ, ನನಗೆ ಗುಣ ಕಂಡಿದೆ. ನಿನ್ನ ಯಜಮಾನರು ಯೆರ್ನೆಯ್ ಚೆನ್ನಾಗಿದ್ದಾರಾ? ಜೇನುಪೆಟ್ಟಿಗೆಗಳನ್ನು ಇನ್ನೂ ಅವರೇ ನೋಡಿಕೊಳ್ಳುತ್ತಾರಾ? ಊಟದ ಜೊತೆ ಈಗಲೂ ಹಾಲೇ ಕುಡಿಯುತ್ತಾರಾ? ಈ ಕೊನೆಯ ಪ್ರಶ್ನೆ ನನ್ನದಲ್ಲ, ನಿನ್ನ ಅಣ್ಣನದು. ಮೊನ್ನೆ ಸೂಪು ಕುಡಿಯುತ್ತಿದ್ದವನು ಯಾರನ್ನೂ ನೋಡದೆ, ಗೋಡೆಯನ್ನು ಕೇಳುವವನ ಹಾಗೆ ಕೇಳಿದ. ನಾನು ಕಿವಿ ಕೇಳಿಸದವಳ ಹಾಗೆ ಕೂತಿದ್ದೆ.

ಹೌದು, ಬೊರಾ ನಿನ್ನ ವಿಷಯ ಎತ್ತಿದ. ಅದಕ್ಕೇ ಈ ಕಾಗದ. ಆದರೆ ಕ್ರಮವಾಗಿ ಹೇಳುತ್ತೇನೆ, ಇಲ್ಲದಿದ್ದರೆ ನೀನು ನಡುವೆಯೇ ಸಿಟ್ಟಾಗಿ ಎದ್ದುಬಿಡುತ್ತೀ. ಅಣ್ಣ ತಂಗಿ ಇಬ್ಬರದೂ ಒಂದೇ ಮೂಗು, ಒಂದೇ ಮೂಗಿನ ತುದಿಯ ಸಿಟ್ಟು.

ಸುದ್ದಿ ಏನೆಂದರೆ ನಾವಿಬ್ಬರೂ ಕಾರಿನಲ್ಲಿ ದೊಡ್ಡ ಪ್ರವಾಸ ಹೊರಟಿದ್ದೇವೆ. ಬಿದ್ದು ಬಿದ್ದು ನಗು, ಪರವಾಗಿಲ್ಲ. ಜೀವಮಾನವೆಲ್ಲ ರೈಲಿನ ಸಿಗ್ನಲ್ ಎತ್ತಿ ಇಳಿಸಿ ಬೇರೆಯವರ ಪ್ರಯಾಣ ಸಾಗಿಸಿದ ಮನುಷ್ಯ ಇವನು. ಒಂದೊಂದು ಗಾಡಿ ಹೋದಾಗಲೂ "ಇಷ್ಟೊಂದು ಜನ ಎಲ್ಲಿಗೆ ಸಾಯೋಕೆ ಹೋಗ್ತಾರೋ" ಎಂದು ಗೊಣಗುತ್ತಿದ್ದ. ನಿವೃತ್ತಿಯಾಗಿ ಒಂದು ಚಳಿಗಾಲ ಮನೆಯಲ್ಲಿ ಕೂತ ಮೇಲೆ ಅವನಿಗೇ ಅನ್ನಿಸಿರಬೇಕು, ಎಲ್ಲಿಗೆ ಹೋಗುತ್ತಾರೆಂದು ನೋಡಿಯೇಬಿಡೋಣ ಎಂದು. ಪ್ಲಮ್ ಗಿಡ ಹೂ ಬಿಟ್ಟ ದಿನದಿಂದ ಊಟದ ಮೇಜಿನ ಮೇಲೆ ನಕ್ಷೆ ಹಾಸಿದೆ. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ. ಬಾಟಲಿಯಿಂದ ಲಟ್ಟಿಸಿ ಚಪ್ಪಟೆ ಮಾಡಿದ ನಮ್ಮೂರ ಸಾಸೇಜಿನ ಎಣ್ಣೆ ಬಿದ್ದು ಅರ್ಧ ಬೋಸ್ನಿಯಾ ಗಾಜಿನ ಹಾಗೆ ಆಗಿದೆ, ಅದರ ಮೂಲಕ ಮೇಜಿನ ಬಟ್ಟೆಯ ಹೂವು ಕಾಣುತ್ತದೆ. "ಆ ಕಡೆ ಹೋಗಲ್ಲ ಬಿಡು" ಅಂತಾನೆ, ತಾನೇ ಚೆಲ್ಲಿದ್ದು!

ಮೊದಲ ದಿನಗಳ ದಾರಿಗೆ ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ. ದುರ್ಮಿತೊರ್ ಬೆಟ್ಟ, ತಾರಾ ಕಣಿವೆಯ ಸೇತುವೆ, ಅಲ್ಲಿಂದ ಸುತ್ತಿ ಸುತ್ತಿ ಕೊತೊರ್ ಕೊಲ್ಲಿಗೆ ಇಳಿಯುವ ರಸ್ತೆ. ಆ ತಿರುವುಗಳನ್ನು ಬೊರಾ ಪೆನ್ಸಿಲ್ಲಿನಲ್ಲಿ ಬಿಡಿಸುವಾಗ ನಾಲಿಗೆಯ ತುದಿ ಹೊರಗೆ ಹಾಕಿರುತ್ತಾನೆ, ನೋಡಬೇಕು ನೀನು. ಕೊತೊರಿನಲ್ಲಿ ನಾನು ಕಾಲು ಸಮುದ್ರಕ್ಕೆ ಇಳಿಬಿಟ್ಟು ಹುರಿದ ಮೀನು ತಿನ್ನಬೇಕು, ಒಂದಲ್ಲ, ಮೂರು ದಿನ. ನನ್ನ ಆಸೆ ಇಷ್ಟೇ. ಅವನು ನನ್ನ ಸಮುದ್ರಕ್ಕೆ ಒಂದೇ ಒಂದು ದಿನ ಕೊಟ್ಟು, ಗೆರೆಯನ್ನು ದಂಡೆಯುದ್ದಕ್ಕೂ ಸರಸರನೆ ಮೇಲಕ್ಕೆ ಎಳೆದುಬಿಟ್ಟ. "ಯಾಕಷ್ಟು ಅವಸರ? ಸಮುದ್ರ ಏನು ನಿನ್ನ ಕಚ್ಚುತ್ತಾ?" ಎಂದೆ. "ಅಲ್ಲಿ ಮೇಲೆ ಸೋಚಾ ಅಂತ ಒಂದು ನದಿ ಇದೆಯಂತೆ ಕಣೇ. ಹಸಿರಾಗಿದೆಯಂತೆ" ಅಂದ. ಮನೆಯ ಕಿಟಕಿ ಪರದೆ ಯಾವ ಬಣ್ಣದ್ದು ಎಂದು ಕೇಳಿದರೆ ಹೇಳಲು ಬಾರದ ಗಂಡಸಿಗೆ ನದಿಯ ಬಣ್ಣ ಬೇಕಾಯಿತು!

ನನಗೆ ಕುತೂಹಲ ಹತ್ತಿತು. ರಬ್ಬರು ತಂದು ಮೇಲಿನ ಗೆರೆ ಅಳಿಸಿ ಹಾಕಿದೆ. ಬೆಳಿಗ್ಗೆ ನೋಡಿದರೆ ಮತ್ತೆ ಅದೇ ಗೆರೆ, ಇನ್ನೂ ಗಟ್ಟಿಯಾಗಿ. ಸರಿ, ಬೇರೆ ಉಪಾಯ ಮಾಡೋಣ ಎಂದು, "ಸಮುದ್ರವೂ ಬೇಡ, ನದಿಯೂ ಬೇಡ, ರುಮೇನಿಯಾ ಕಡೆ ಹೋಗಿ ಡ್ಯಾನ್ಯೂಬ್ ಕಮರಿ ನೋಡೋಣ" ಎಂದೆ. "ಆಗಲಿ, ಚೆನ್ನಾಗಿರುತ್ತೆ" ಎಂದು ತಲೆಯಾಡಿಸಿದ. ಸಂಜೆಗೆ ನೋಡುತ್ತೇನೆ, ಡ್ಯಾನ್ಯೂಬಿಗೆ ಹೋಗುವ ದಾರಿಯೂ ಸೋಚಾ ಕಣಿವೆಯನ್ನು ಸುತ್ತಿಕೊಂಡೇ ಹೋಗುತ್ತಿದೆ! ಪೂರ್ವಕ್ಕೆ ಹೋಗಲು ಪಶ್ಚಿಮದ ತುದಿಯಿಂದ ಹೊರಡುವವರನ್ನು ನೀನು ಕಂಡಿದ್ದೀಯಾ? ಕೇಳಿದರೆ, "ನೋಟ ಚೆನ್ನಾಗಿರುತ್ತೆ ಸ್ತಾನಾ." ನಾನೇನು ದಡ್ಡಿಯಲ್ಲ. ಆ ಹಸಿರು ನದಿಯ ದಂಡೆಯ ಬೊವೆತ್ಸಿನಲ್ಲಿ ಯಾರ ಮನೆಯಿದೆ ಎಂದು ನನಗೆ ಗೊತ್ತು. ಆದರೂ ಬಾಯಿ ಬಿಡಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿರುವುದು ಎಂಥ ಕಷ್ಟದ ಕೆಲಸ ಎಂದು ನಿನಗೆ ಬೇರೆ ಹೇಳಬೇಕಾಗಿಲ್ಲ.

ಸಮುದ್ರಕ್ಕೆ ಎರಡು ದಿನ ಕೊಟ್ಟ ಮೇಲೆ ರಾಜಿಯಾಯಿತು. ಜೂನ್ ಮೊದಲ ವಾರ ಹೊರಡುವುದೆಂದು ಗೊತ್ತು ಮಾಡಿದೆವು. ಅಷ್ಟರಲ್ಲಿ ಇನ್ನೊಂದು ಪೇಚು. ಹೊರಡುವಾಗ ಹಿಂದೆ ನೀರು ಹಾಕುವವರು ಯಾರು? (ಯೆರ್ನೆಯ್‌ಗೆ ಓದಿ ಹೇಳುವುದಾದರೆ ಬಿಡಿಸಿ ಹೇಳು: ನಮ್ಮಲ್ಲಿ ಮನೆಯಿಂದ ಯಾರಾದರೂ ದೂರ ಹೊರಟರೆ, ದಾರಿ ನೀರು ಹರಿದಷ್ಟು ಸರಾಗವಾಗಲಿ ಎಂದು ಉಳಿದವರು ಅವರ ಹಿಂದೆ ನೀರು ಸುರಿಯುತ್ತಾರೆ.) ಇಲ್ಲಿಯತನಕ ನಾವಿಬ್ಬರೂ ಒಟ್ಟಿಗೆ ಎಲ್ಲಿಗೂ ಹೋದವರಲ್ಲ, ಅವನು ಹೊರಟರೆ ನಾನು ಹಾಕುತ್ತಿದ್ದೆ, ನಾನು ಹೊರಟರೆ ಅವನು. ಈಗ ಇಬ್ಬರೂ ಕಾರಿನೊಳಗೆ, ಮನೆಗೆ ಬೀಗ. "ಅದಕ್ಕೇನಂತೆ, ಒಂದು ಬಾಟ್ಲಿಯಲ್ಲಿ ಬಾವಿ ನೀರು ತುಂಬಿ ಮಿಲುಂಕಾಗೆ ಕೊಟ್ಟಿರ್ತೀನಿ, ಅವಳೇ ಹಾಕ್ತಾಳೆ" ಎಂದೆ. ಯಾಗೊದಾ, ಅವನ ಕೈಯಿಂದ ಪೆನ್ಸಿಲು ಬಿತ್ತು. "ಬಾಟ್ಲಿ ಬೇಡ!" ಎಂದು ಕೂಗಿದ. "ಹೂಜಿಯಲ್ಲಿ ಕೊಡು. ಬಾಟ್ಲಿಯಲ್ಲಿ ಮಾತ್ರ ಬೇಡ." ಬಾಟಲಿ ಕಂಡರೆ ಹೆದರುವ ಗಂಡಸು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ನಾನು ಬಿಡುತ್ತೇನೆಯೇ? ಕೆದಕಿದೆ, ಕಾಡಿದೆ, ಕೊನೆಗೆ ಸೂಪಿಗೆ ಉಪ್ಪು ಹಾಕುವುದನ್ನೇ ನಿಲ್ಲಿಸಿದೆ. ಆಗ ಬಾಯಿಬಿಟ್ಟ.

ನೀನು ಮದುವೆಯಾಗಿ ಯೆರ್ನೆಯ್ ಜೊತೆ ಹೊರಟ ದಿನ ನಾನು ಇಲ್ಲಿರಲಿಲ್ಲ, ಚೊಚ್ಚಲ ಬಾಣಂತಿ, ತವರಿನಲ್ಲಿದ್ದೆ. ಹಾಗಾಗಿ ಈ ಕಥೆಯನ್ನು ನಾನೂ ಮೊದಲ ಸಲ ಕೇಳಿದ್ದು. ಆ ದಿನ ಮನೆಯ ಹೂಜಿಯನ್ನು ಹೂವಿಡಲು ತೆಗೆದುಕೊಂಡಿದ್ದರಂತೆ. ಮುಂದಿನದು ಅವನ ಬಾಯಲ್ಲೇ ಕೇಳು: "ಅಮ್ಮ ಬಾವಿ ನೀರನ್ನ ಬಾಟ್ಲಿಗೆ ತುಂಬಿ ಕಟ್ಟೆ ಮೇಲೆ ಇಟ್ಟಿದ್ಳು. ಅಪ್ಪ ಬಂದೋರಿಗೆ ಕೊಡೋ ರಾಕಿಯಾ ಸಾರಾಯೀನೂ ಅಲ್ಲೇ ಇಟ್ಟಿದ್ದ. ಎರಡೂ ಒಂದೇ ಥರದ ಬಾಟ್ಲಿ, ಎರಡೂ ನೀರಿನ ಬಣ್ಣ. ಕಾರು ಹೊರಡ್ತು. ನನ್ನ ಕಣ್ಣೆಲ್ಲ ಮಂಜು ಕಣೇ, ಏನೂ ಕಾಣ್ತಿರ್ಲಿಲ್ಲ. ಕೈಗೆ ಸಿಕ್ಕಿದ್ದನ್ನ ತಗೊಂಡು ಪೂರ್ತಿ ಸುರಿದುಬಿಟ್ಟೆ. ವಾಸನೆ ಬಂದಮೇಲೇ ಗೊತ್ತಾಗಿದ್ದು." ಓಡಿ ಹೋಗಿ ಹೇಳಬಾರದಿತ್ತಾ ಎಂದು ಕೇಳಿದೆ. "ಹೊರಟೋರನ್ನ ಹಿಂದಕ್ಕೆ ಕರೀತಾರಾ ಯಾರಾದ್ರೂ? ಮೊದಲೇ ಒಂದು ಅಪಶಕುನ ಮಾಡಿದ್ದೆ, ಅದರ ಮೇಲೆ ಇನ್ನೊಂದಾ?" ಎಂದ. ನೀನು ಹಿಂದೆ ತಿರುಗಿ ನೋಡಲಿಲ್ಲವಂತೆ. ನಿನಗೆ ಗೊತ್ತೇ ಆಗಿಲ್ಲ ಎಂದು ಇವತ್ತಿನವರೆಗೂ ನಂಬಿಕೊಂಡಿದ್ದಾನೆ. ನೀನು ಮಾತು ಬಿಟ್ಟದ್ದು, ಈ ಮನೆ ತನ್ನ ಪಾಲಿಗೆ ಬಂತೆಂಬ ಸಿಟ್ಟಿಗೆ ಎಂದುಕೊಂಡಿದ್ದಾನೆ.

ಆದರೆ ಕಾರಿಗೆ ಕನ್ನಡಿ ಇರುತ್ತದೆ, ಅಲ್ಲವೇ? ಕಿಟಕಿಯ ಗಾಜು ಇಳಿದಿದ್ದರೆ ಅಪ್ಪನ ರಾಕಿಯಾದ ವಾಸನೆ ಊರಾಚೆಗೂ ಹೋಗುತ್ತದೆ. ಅವನ ಮಾತು ಮುಗಿಯುವಷ್ಟರಲ್ಲಿ ನಿನ್ನ ಸಿಟ್ಟಿನ ಕಾರಣ ನನಗೆ ಹೊಳೆಯಿತು. ನಮ್ಮಲ್ಲಿ ರಾಕಿಯಾವನ್ನು ನೆಲಕ್ಕೆ ಸುರಿಯುವುದು ಗೋರಿಯ ಮುಂದೆ ಮಾತ್ರ, ಸತ್ತವರ ಪಾಲು ಎಂದು. ಮದುವೆಯ ಮುಂಚೆ ವಾರಗಟ್ಟಲೆ ಅವನು ನಿನ್ನನ್ನು ಗೋಳು ಹೊಯ್ದುಕೊಂಡಿದ್ದು ನನಗೂ ನೆನಪಿದೆ: "ಇಡೀ ಪಿರೊತ್ತಿನಲ್ಲಿ ನಿಂಗೆ ಗಂಡೇ ಸಿಗ್ಲಿಲ್ವಾ? ಹೋಗಿ ಹೋಗಿ ಹಾಲು ಕುಡಿಯೋನ್ನ ಕಟ್ಕೊಳ್ತೀಯಾ?" ಅದರ ಮೇಲೆ ಇದು. ಅಣ್ಣ "ನನ್ನ ಪಾಲಿಗೆ ನೀನು ಸತ್ತೆ" ಎಂದು ಸುರಿದ ಎಂದೇ ನೀನು ತಿಳಿದೆ. ನಾನಾದರೂ ಹಾಗೇ ತಿಳಿಯುತ್ತಿದ್ದೆ. ಅದಾದ ಮೇಲೆ ಈಸ್ಟರಿಗೆ ನಾನು ಹಾಕಿದ ಕಾರ್ಡಿಗೆ ನೀನು ಒಂದೇ ಸಾಲು ಬರೆದಿದ್ದೆ, "ಸತ್ತವಳಿಗೆ ಯಾಕೆ ಕಾಗದ ಹಾಕ್ತೀರಿ?" ಇದೆಂಥ ಕೊಬ್ಬು ಎಂದು ನನಗೂ ಮೈ ಉರಿದು, ಬೊರಾ ನೋಡುವ ಮುಂಚೆ ಅದನ್ನು ಒಲೆಗೆ ಹಾಕಿದ್ದೆ. ಅಮ್ಮನನ್ನು ಮಣ್ಣು ಮಾಡಿದ ದಿನವೂ ಅಷ್ಟೇ. ಅಷ್ಟು ದೂರದಿಂದ ಬಂದವಳು, ಬೊರಾ ಗೋರಿಯ ಮೇಲೆ ರಾಕಿಯಾ ಸುರಿಯುವುದನ್ನು ನೋಡಿದ್ದೇ ತಡ, ಮುಖ ತಿರುಗಿಸಿ ಗೇಟಿನ ಕಡೆ ನಡೆದುಬಿಟ್ಟೆ, ಸಾವಿನ ಮನೆಯ ಊಟಕ್ಕೂ ನಿಲ್ಲಲಿಲ್ಲ. ಊರೆಲ್ಲ ನಿನ್ನನ್ನು ಆಡಿಕೊಂಡಿತು. ನಾನೂ ಆಡಿಕೊಂಡೆ.

ಅಯ್ಯೋ ನನ್ನ ಹುಡುಗಿ, ಎಷ್ಟು ವರ್ಷ ಆ ವಾಸನೆಯನ್ನು ಹೊತ್ತುಕೊಂಡಿದ್ದೆ! ನೀನು ಹೊರಟಾಗ ಅದೆಲ್ಲ ಒಂದೇ ದೇಶ, ಈಗ ನಮ್ಮ ನಿಮ್ಮ ನಡುವೆ ಎಷ್ಟು ಗಡಿಗಳೋ. ಅವೆಲ್ಲ ದೊಡ್ಡವರು ಹಾಕಿದ ಗಡಿಗಳು, ಪಾಸ್‌ಪೋರ್ಟು ತೋರಿಸಿದರೆ ದಾಟಬಹುದು. ಈ ಒಂದನ್ನು ಮಾತ್ರ ನನ್ನ ಪೆದ್ದ ಗಂಡ ಒಂದು ಬಾಟಲಿಯಿಂದ ಹಾಕಿದ. ಅವನ ಕಣ್ಣು ಯಾಕೆ ಮಂಜಾಗಿತ್ತು ಎಂದು ಒಮ್ಮೆ ಯೋಚಿಸು. ತಂಗಿ ತನ್ನ ಪಾಲಿಗೆ ಸತ್ತಳು ಎಂದುಕೊಂಡವನಿಗೆ ಅವಳ ಕಾರು ಹೊರಟಾಗ ಕಣ್ಣು ತುಂಬುವುದಿಲ್ಲ.

ನಾನು ಈ ಕಾಗದ ಬರೆಯುತ್ತಿರುವುದು ಅವನಿಗೆ ಗೊತ್ತಿಲ್ಲ. ನಿನಗೆ ಅಂದೇ ತಿಳಿದಿತ್ತು ಎನ್ನುವುದನ್ನೂ ಅವನಿಗೆ ಹೇಳಿಲ್ಲ, ಹೇಳಿದರೆ ಕುಸಿದುಹೋಗುತ್ತಾನೆ. ಅದನ್ನು ಹೇಳುವ ಹಕ್ಕು ನಿನ್ನದು. ಜೂನ್ ಎರಡನೆಯ ವಾರ ನಾವು ಬೊವೆತ್ಸಿನ ಕೆಳಗೆ ನದಿಯ ದಂಡೆಯಲ್ಲಿ ಡೇರೆ ಹಾಕಿರುತ್ತೇವೆ. ನಿನ್ನ ಮನೆಗೆ ಬರುತ್ತೇವೆ ಎಂದು ನಾನಾಗಿ ಹೇಳಲಾರೆ. ಬಾ ಎಂದರೆ ಎರಡು ಸಾಲು ಬರೆದು ಹಾಕು. ಬರೆಯದಿದ್ದರೆ ಹಸಿರು ನೀರು ನೋಡಿಕೊಂಡು, ನೋಟ ಚೆನ್ನಾಗಿತ್ತು ಎಂದುಕೊಂಡು ವಾಪಸು ಹೋಗುತ್ತೇವೆ. ಅವನು ಏನೂ ಕೇಳುವುದಿಲ್ಲ, ಗೊತ್ತಲ್ಲ. ಡಿಕ್ಕಿಯ ತುಂಬ ಮೆಣಸಿನಕಾಯಿ ಗೊಜ್ಜಿನ ಸೀಸೆ ಜೋಡಿಸುತ್ತಿದ್ದಾನೆ, ದಾರಿಯಲ್ಲಿ ತಿನ್ನಲಂತೆ. ಒಂದು ಮದುವೆಗಾಗುವಷ್ಟು ಗೊಜ್ಜನ್ನು ಇಬ್ಬರು ದಾರಿಯಲ್ಲಿ ತಿನ್ನುತ್ತಾರೆಯೇ?

ನಿನ್ನ ಮನೆ ತಣ್ಣಗಿರಲಿ, ಜೇನುಗಳು ಹೂವಿದ್ದ ಕಡೆ ಹೋಗಿ ಸುಖವಾಗಿ ಗೂಡಿಗೆ ಬರಲಿ. ಯೆರ್ನೆಯ್‌ಗೆ ನಮಸ್ಕಾರ ತಿಳಿಸು, ಹಾಲು ಕುಡಿಯುವವರು ನಮ್ಮವರಿಗಿಂತ ಹೆಚ್ಚು ಕಾಲ ಬಾಳುತ್ತಾರೆ ಎಂದು ನಾನು ಹೇಳಿದೆ ಎನ್ನು. ನಿನ್ನ ಕೆನ್ನೆಗೆ ಮೂರು ಮುತ್ತು, ನಮ್ಮೂರ ಲೆಕ್ಕದಲ್ಲಿ.

ಬೈಗುಳ, ಪ್ರೀತಿ ಎರಡೂ ಕೊಡುವ
ನಿನ್ನ ಅತ್ತಿಗೆ,
ಸ್ತಾನಾ

ಮತ್ತೆ ಬರೆದದ್ದು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಗೇಟಿನಲ್ಲಿದ್ದಾನೆ. ಈಗಷ್ಟೇ ಅಡುಗೆಮನೆ ಕಿಟಕಿಯಿಂದ ನೋಡಿದೆ. ಬೊರಾ ಅಮ್ಮನ ಹೂಜಿಗೆ ಬಾವಿ ನೀರು ತುಂಬಿದ. ಮೂಸಿ ನೋಡಿದ. ಬಾಯಿಗೆ ಬಟ್ಟೆ ಕಟ್ಟಿದ, ಮತ್ತೆ ಬಿಚ್ಚಿ ಇನ್ನೊಂದು ಸಲ ಮೂಸಿದ. ಕಾರಿನಲ್ಲಿಟ್ಟು, ಚೆಲ್ಲುತ್ತದೋ ಇಲ್ಲವೋ ಎಂದು ಅಂಗಳವನ್ನು ಒಂದು ಸುತ್ತು ಹೊಡೆದ. ಏನಿದು ಎಂದರೆ "ಇಂಜಿನ್ನಿಗೆ" ಅಂದ. ಹೊರಡಲು ಇನ್ನೂ ಎರಡು ವಾರ ಇದೆ ಮಾರಾಯ್ತಿ! ಆ ನೀರು ಯಾರಿಗೆಂದು ನನಗೆ ಗೊತ್ತಾಯಿತು, ನಿನಗೂ ಗೊತ್ತಾಗಿರುತ್ತದೆ. ಅವನು ಬಂದಾಗ ಏನೂ ಕೇಳಬೇಡ. ಮೊಣಕಾಲು ನೋಯುತ್ತದೆ, ಆದರೂ ನಿನ್ನ ಗೇಟಿನಿಂದ ನಾಲ್ಕು ಹೆಜ್ಜೆ ಆಚೆ ನಡೆ. ಹಿಂದೆ ತಿರುಗಿ ನೋಡಬೇಡ. ಅವನು ಹಾಕಲಿ.