ಏಪ್ರಿಲ್ ಹನ್ನೊಂದನ್ನು ನವೆಂಬರ್ ನಾಲ್ಕು ಮಾಡಿದವರಿಗೆ

ಅಂಗಾಂಗ ಹಂಚಿಕೆ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕ ಕಿಡ್ನಿಗಾಗಿ ನಿಮ್ಮ ಸರದಿಯಲ್ಲಿ ಹೆಸರು ಬರೆಸಿದ್ದು ಕಳೆದ ವರ್ಷ ಏಪ್ರಿಲ್ ಹನ್ನೊಂದರಂದು. ನಿಮ್ಮ ಕಂಪ್ಯೂಟರಿನ ಪ್ರಕಾರ ಅವಳು ಬಂದದ್ದು ನವೆಂಬರ್ ನಾಲ್ಕರಂದು. ನಡುವಿನ ತಿಂಗಳುಗಳಲ್ಲಿ ಬಂದವರೆಲ್ಲ ಈಗ ಅವಳ ಮುಂದೆ ನಿಂತಿದ್ದಾರೆ. ತಪ್ಪು ಅವಳದಲ್ಲ, ನಿಮ್ಮ ತಂತ್ರಾಂಶದ್ದು ಎಂದು ನಿಮ್ಮೆದುರೇ ಕೂತು ತೋರಿಸಿದೆ. ನೀವು ತಿದ್ದುಪಡಿಗೆ ಅಪ್ಪಣೆ ಕೊಟ್ಟಿರಿ. ತಿದ್ದಿದ ಮೇಲೂ ಅವಳು ನವೆಂಬರ್ ನಾಲ್ಕರಲ್ಲೇ ಇದ್ದಾಳೆ. ಮುಚ್ಚಿದ ಬಾಗಿಲಿನೊಳಗೆ ಹೇಳಬಹುದಾದದ್ದೆಲ್ಲ ಮುಗಿದಿರುವುದರಿಂದ ಇದನ್ನು ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನನ್ನ ಕಸುಬೇನೆಂದು ಮೊದಲು ಹೇಳಿಬಿಡುತ್ತೇನೆ. ಸಗಟು ವ್ಯಾಪಾರಿಗಳು, ಗೋದಾಮಿನವರು, ವಿಮಾ ಕಂಪನಿಯವರು ಬಳಸುವ ತಂತ್ರಾಂಶಗಳಲ್ಲಿ ತಾರೀಖುಗಳು ಎಲ್ಲಿ ಎಡವುತ್ತವೆ ಎಂದು ಪರೀಕ್ಷಿಸುವುದು. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಯಂತ್ರದ ಗಡಿಯಾರವನ್ನು ಇನ್ನೂ ಬಾರದ ವರ್ಷಗಳಿಗೆ ತಿರುಗಿಸಿ, ಅಲ್ಲಿ ಲೋಕ ನಡೆಯುತ್ತದೆಯೇ ನಿಲ್ಲುತ್ತದೆಯೇ ಎಂದು ನೋಡುತ್ತೇನೆ. "ಇವನಿಗೆ ಕ್ಯಾಲೆಂಡರ್ ನೋಡೋಕೆ ಸಂಬಳ ಕೊಡ್ತಾರೆ" ಎಂದು ಅಕ್ಕ ನನ್ನನ್ನು ಪರಿಚಯಿಸುವುದುಂಟು. ನಮ್ಮ ಕಸುಬಿನವರಿಗೆಲ್ಲ ಒಂದು ಚಾಳಿಯಿದೆ. ಕಷ್ಟದ ತಾರೀಖುಗಳೆಂದರೆ ನಮಗೆ ಮೋಹ. ಫೆಬ್ರುವರಿ ಇಪ್ಪತ್ತೊಂಬತ್ತು, ಡಿಸೆಂಬರ್ ಮೂವತ್ತೊಂದು, ತಿಂಗಳ ಕೊನೆ, ವರ್ಷದ ಕೊನೆ. ಕಳ್ಳ ಅಲ್ಲೇ ಅಡಗಿರುತ್ತಾನೆ ಎಂದು ಎಲ್ಲರೂ ಅಲ್ಲೇ ಕಾಯುತ್ತೇವೆ. ಯಾವುದೋ ಸಾಧಾರಣ ತಿಂಗಳ ಐದನೆಯ ದಿನದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಅಕ್ಕ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವ ಕೋಣೆಯಲ್ಲಿ ಎಂಟು ಕುರ್ಚಿಗಳಿವೆ. ಯಂತ್ರಗಳ ಗುಂಯ್ ಸದ್ದಿಗೆ ಮಾತು ಸ್ವಲ್ಪ ಜೋರಾಗಿಯೇ ಆಡಬೇಕು. ನಿಮ್ಮ ಕಚೇರಿ ಹೆಮ್ಮೆಯಿಂದ, ರೋಗಿಗಳು ತಮ್ಮ ಸರದಿಯನ್ನು ಫೋನಿನಲ್ಲೇ ನೋಡಬಹುದು ಎಂದು ಪ್ರಕಟಿಸಿದ ವಾರ ಅದು. ಅಕ್ಕ ಫೋನನ್ನು ನನ್ನ ಮುಖಕ್ಕೆ ಹಿಡಿದಳು.

"ನೋಡೋ, ನಾನು ಹೆಸರು ಬರೆಸಿದ್ದು ನವೆಂಬರಂತೆ. ನವೆಂಬರ್ ಹೊತ್ತಿಗೆ ಈ ಕೈಯಲ್ಲಿ ಸೂಜಿ ಚುಚ್ಚೋಕೆ ಜಾಗವೇ ಉಳಿದಿರ್ಲಿಲ್ಲ."

ಪಕ್ಕದ ಕುರ್ಚಿಯಲ್ಲಿ ಒಬ್ಬ ಬಸ್ ಡ್ರೈವರ್ ಇದ್ದಾನೆ. ಅಕ್ಕನದೇ ರಕ್ತದ ಗುಂಪು, ವಯಸ್ಸಿನಲ್ಲಿ ಚಿಕ್ಕವನು. ಅವನು ಹೆಸರು ಬರೆಸಿದ್ದು ಡಿಸೆಂಬರ್ ಐದರಂದು. ತನ್ನ ಫೋನ್ ನೋಡಿ ನಕ್ಕ.

"ನಂದು ಮೇ ಹನ್ನೆರಡು ಅಂತಿದೆ ಅಕ್ಕಾ! ಮೇನಲ್ಲಿ ನಾನು ಡಬಲ್ ಡ್ಯೂಟಿ ಮಾಡ್ತಿದ್ದೆ. ಕಾಯಿಲೆ ಬರೋದು ನನಗಿಂತ ಮುಂಚೆ ಕಂಪ್ಯೂಟರ್‌ಗೆ ಗೊತ್ತಾಗಿದೆ ನೋಡಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಎದುರಿನ ಮೇಸ್ತ್ರಿಯನ್ನು ಕೇಳಿದೆ. ಇಪ್ಪತ್ತನೇ ತಾರೀಖು ಬರೆಸಿದ್ದ, ಸರಿಯಾಗಿತ್ತು. ಬಾಗಿಲ ಬಳಿಯ ಟೈಲರಮ್ಮ ಇಪ್ಪತ್ತೆರಡರಂದು, ಅದೂ ಸರಿ. ಹನ್ನೆರಡನೇ ತಾರೀಖಿನೊಳಗೆ ಬರೆಸಿದವರ ದಿನ, ತಿಂಗಳು ಮಾತ್ರ ಅದಲುಬದಲಾಗಿತ್ತು. ಇಷ್ಟು ತಿಳಿದ ಮೇಲೆ ಉಳಿದದ್ದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಓದುಗರಿಗಾಗಿ ವಿವರಿಸುತ್ತೇನೆ. ಆಸ್ಪತ್ರೆಯ ಕೌಂಟರಿನಲ್ಲಿ ದಿನವನ್ನು ಮೊದಲು, ತಿಂಗಳನ್ನು ಆಮೇಲೆ ಬರೆಯುತ್ತಾರೆ. ನಿಮ್ಮ ಕೇಂದ್ರ ಕಚೇರಿ ಕೊಂಡ ತಂತ್ರಾಂಶ ಹುಟ್ಟಿದ್ದು ಗೋದಾಮಿನ ಸರಕಿಗೆ, ಯಾವ ಪೆಟ್ಟಿಗೆ ಮೊದಲು ಬಂತೋ ಅದನ್ನು ಮೊದಲು ಹೊರಗೆ ಕಳಿಸುವುದಕ್ಕೆ. ಅದು ತಿಂಗಳನ್ನು ಮೊದಲು ಓದುತ್ತದೆ. ಶುರುವಿನಲ್ಲಿ ಇಪ್ಪತ್ತನೇ ತಾರೀಖು ಕೊಟ್ಟರೆ, ಇಪ್ಪತ್ತನೇ ತಿಂಗಳು ಎಲ್ಲಿದೆ ಎಂದು ನಿಂತುಬಿಡುತ್ತಿತ್ತಂತೆ. ಆಗ ಯಾರೋ ತೇಪೆ ಹಾಕಿದರು: ಮೊದಲ ಅಂಕಿ ಹನ್ನೆರಡನ್ನು ಮೀರಿದರೆ ತಿರುಗಿಸಿ ಓದು. ನಿಂತದ್ದು ಓಡತೊಡಗಿತು. ಮೀರದಿದ್ದರೆ? ಹನ್ನೊಂದು, ನಾಲ್ಕು ಎಂಬುದನ್ನು ಹನ್ನೊಂದನೇ ತಿಂಗಳ ನಾಲ್ಕನೇ ದಿನವೆಂದು ಓದಿ, ಸದ್ದಿಲ್ಲದೆ ಮುಂದೆ ಹೋಯಿತು. ಪರೀಕ್ಷೆಯಲ್ಲಿ ಫೆಬ್ರುವರಿ ಇಪ್ಪತ್ತೊಂಬತ್ತು ಪಾಸಾಯಿತು, ಡಿಸೆಂಬರ್ ಮೂವತ್ತೊಂದು ಪಾಸಾಯಿತು. ಆಗಲೇಬೇಕಿತ್ತು. ಪರೀಕ್ಷಿಸಿದ ತಾರೀಖುಗಳೆಲ್ಲ ಹನ್ನೆರಡನ್ನು ಮೀರಿದವು, ಆ ತೇಪೆಯ ಮೇಲೇ ನಿಂತಿದ್ದವು.

ಇದನ್ನೆಲ್ಲ ನಾನು ನಿಮ್ಮ ಕೋಣೆಯಲ್ಲಿ ಹೇಳಿದಾಗ ನೀವು ಸೌಜನ್ಯದಿಂದಲೇ ಕೇಳಿಸಿಕೊಂಡಿರಿ. ನಿಮ್ಮ ಮೇಜಿನ ಗಾಜು ತುಂಬ ಸ್ವಚ್ಛವಾಗಿತ್ತು. ಅದರಲ್ಲಿ ತಲೆಕೆಳಗಾಗಿ ಕಾಣುತ್ತಿದ್ದ ನನ್ನ ಮುಖವನ್ನೇ ನೋಡುತ್ತ ಮಾತಾಡಿದೆ.

"ಸಾಫ್ಟ್‌ವೇರ್ ಟೆಸ್ಟ್ ಆಗಿದೆ. ಸರ್ಟಿಫಿಕೇಟ್ ಇದೆ," ಎಂದಿರಿ.

"ಸುಲಭದ ತಾರೀಖುಗಳನ್ನ ಯಾರೂ ಟೆಸ್ಟ್ ಮಾಡಿಲ್ಲ ಸಾರ್."

"ಸುಲಭ ಅಂದ್ಮೇಲೆ ಟೆಸ್ಟ್ ಯಾಕ್ರೀ?"

ನಮ್ಮ ಕಸುಬಿನ ಇತಿಹಾಸವನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಬರೆದಿಲ್ಲ. ಆಮೇಲೆ ನೀವು ದನಿ ತಗ್ಗಿಸಿ ಒಂದು ದಾರಿ ತೋರಿಸಿದಿರಿ. ವ್ಯವಸ್ಥೆಯಲ್ಲಿ ತಪ್ಪಿದೆ ಎಂದು ಒಪ್ಪಿದರೆ ಎಲ್ಲರ ಕಡತವನ್ನೂ ತೆಗೆದು ನೋಡಬೇಕಾಗುತ್ತದೆ. ಅದರ ಬದಲು ನನ್ನ ಅಕ್ಕನೇ "ನೋಂದಣಿಯ ವೇಳೆ ನಾನೇ ತಪ್ಪು ದಿನಾಂಕ ನೀಡಿದ್ದೆ" ಎಂದು ಬರೆದುಕೊಟ್ಟರೆ ಅವಳೊಬ್ಬಳದನ್ನು ಸರಿಪಡಿಸಬಹುದು. ನಿಯಮದಲ್ಲಿ ಅವಕಾಶವಿದೆ, ಒಂದೇ ಒಂದು ಸಲ.

ಈ ಮಾತನ್ನು ಅಕ್ಕನಿಗೆ ಹೇಗೆ ಹೇಳುವುದೆಂದು ಡಯಾಲಿಸಿಸ್ ಕೋಣೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದೆ. ಅವಳು ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವಳು, ಮಕ್ಕಳ ನಕ್ಷೆಯಲ್ಲಿ ನದಿ ಒಂದು ಬೆರಳಿನಷ್ಟು ಸರಿದರೂ ಸುಮ್ಮನಿರದವಳು. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ.

"ಪೆನ್ ಕೊಡು," ಎಂದಳು.

"ಸುಳ್ಳು ಬರೆದುಕೊಡ್ತೀಯಾ ಅಕ್ಕಾ?"

"ಕಿಡ್ನಿ ಸಿಕ್ಕಿದ್ಮೇಲೆ ನಿಜ ಹೇಳ್ಕೊಂಡು ಊರೆಲ್ಲ ಸುತ್ತೋಣ. ಈಗ ಪೆನ್ ಕೊಡೋ."

ಸೂಜಿಯಿಲ್ಲದ ಎಡಗೈಯಲ್ಲಿ, ಅಭ್ಯಾಸವಿಲ್ಲದ ಕೈಯಲ್ಲಿ, ಅವಳು ಸಹಿ ಹಾಕಿದಳು. ಅದು ಅವಳ ಸಹಿಯಂತೆ ಕಾಣಲಿಲ್ಲ. ಯಾರೂ ಅದನ್ನು ಪ್ರಶ್ನಿಸಲೂ ಇಲ್ಲ.

ತಿದ್ದುಪಡಿಯನ್ನೂ ಅದೇ ಕೌಂಟರಿನಲ್ಲಿ, ಅದೇ ತಂತ್ರಾಂಶದೊಳಗೆ ಬರೆಯುತ್ತಾರೆ ಎಂದು ತಿಳಿದಾಗ ನಾನು ಕೌಂಟರಿನ ಮುಂದೆ ನಿಂತೇ ನಿಮಗೆ ಫೋನ್ ಮಾಡಿದೆ. ಇದ್ದದ್ದನ್ನು ಇದ್ದಂತೆ ಬರೆದರೆ ಅದು ಮತ್ತೆ ತಿರುಗಿಸಿಯೇ ಓದುತ್ತದೆ, ದಯವಿಟ್ಟು ತಿಂಗಳನ್ನು ಮೊದಲು ಬರೆಯಲು ಹೇಳಿ ಎಂದು ಬೇಡಿಕೊಂಡೆ. ಕೌಂಟರಿನ ಹುಡುಗಿಗೆ ಅರ್ಥವಾಗಿತ್ತು. "ಉಲ್ಟಾ ಹಾಕ್ಲಾ ಸಾರ್? ಒಂದು ನಿಮಿಷದ ಕೆಲಸ," ಎಂದು ಬೆರಳೆತ್ತಿಕೊಂಡೇ ಕಾದಿದ್ದಳು. ನೀವು ಆ ಕಡೆಯಿಂದ ಗಂಭೀರವಾಗಿ ಹೇಳಿದಿರಿ: "ಸರ್ಕಾರಿ ದಾಖಲೆಯಲ್ಲಿ ಸುಳ್ಳು ತಾರೀಖು ಬರೀರಿ ಅಂತೀರೇನ್ರೀ?"

ಒಬ್ಬ ರೋಗಿಯಿಂದ ಸುಳ್ಳು ಬರೆಸಿಕೊಂಡು ಇನ್ನೂ ಶಾಯಿ ಆರಿರಲಿಲ್ಲ. ಅಷ್ಟರಲ್ಲೇ ನಿಮಗೆ ಸತ್ಯದ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಬಂತು? ಹುಡುಗಿ ಹನ್ನೊಂದು, ನಾಲ್ಕು ಎಂದೇ ಒತ್ತಿದಳು. ಪರದೆ ಒಮ್ಮೆ ಮಿನುಗಿ ನವೆಂಬರ್ ನಾಲ್ಕು ಎಂದಿತು. ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ "ಸರಿಪಡಿಸಲಾಗಿದೆ". ಒಂದೇ ಒಂದು ಸಲದ ಅವಕಾಶ ಮುಗಿಯಿತು. ಈಗ ದಾಖಲೆಯ ಪ್ರಕಾರ ತಪ್ಪು ಮಾಡಿದವಳು ಅಕ್ಕ, ತಪ್ಪು ಒಪ್ಪಿಕೊಂಡವಳು ಅಕ್ಕ, ತಿದ್ದಿಸಿಕೊಂಡವಳೂ ಅಕ್ಕ. ನೀವು ಎಲ್ಲಿಯೂ ಇಲ್ಲ.

ಕಳೆದ ತಿಂಗಳು ಅವಳ ಗುಂಪಿನ ಒಂದು ಕಿಡ್ನಿ ಬಂತು. ಏಪ್ರಿಲ್ ಇಪ್ಪತ್ತಾರರಂದು ಹೆಸರು ಬರೆಸಿದವರಿಗೆ ಹೋಯಿತು. ಏಪ್ರಿಲ್ ಏಪ್ರಿಲ್ಲಾಗಿಯೇ ಉಳಿದಿದ್ದರೆ ಆ ಕರೆ ಯಾರಿಗೆ ಬರುತ್ತಿತ್ತು? ಪಡೆದವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರು ಚೆನ್ನಾಗಿರಲಿ. ಉತ್ತರ ನಿಮ್ಮ ಬಳಿ ಇದೆ ಎಂಬುದಷ್ಟೇ ನನ್ನ ನಿದ್ದೆ ಕೆಡಿಸುತ್ತದೆ. ಅಕ್ಕನ ಹೃದಯ ಈ ಯಂತ್ರವನ್ನು ಇನ್ನು ಬಹಳ ಕಾಲ ತಾಳುವುದಿಲ್ಲವೆಂದು ವೈದ್ಯರು ಅವಳಿಲ್ಲದಾಗ ನನಗೂ, ನಾನಿಲ್ಲದಾಗ ಅವಳಿಗೂ ಹೇಳಿದ್ದಾರೆ. ನಾವಿಬ್ಬರೂ ಅದು ಗೊತ್ತಿಲ್ಲದವರಂತೆ ಒಬ್ಬರ ಮುಂದೊಬ್ಬರು ನಟಿಸುತ್ತಿದ್ದೇವೆ.

ಹಾಗಾಗಿ ಕೇಳುತ್ತಿದ್ದೇನೆ. ಹಂಚಿಕೆ ನಿಲ್ಲಿಸಿ ಎನ್ನುತ್ತಿಲ್ಲ, ನಿಲ್ಲಿಸಿದರೆ ಬಂದ ಅಂಗವೂ ಕೆಡುತ್ತದೆ. ಪ್ರತಿ ಆಸ್ಪತ್ರೆಯಲ್ಲಿ ಕೈಬರಹದ ನೋಂದಣಿ ಇದೆ. ಮುಂದಿನ ಕರೆಯನ್ನು ಅದನ್ನು ನೋಡಿ ಮಾಡಿ. ಹನ್ನೆರಡರೊಳಗಿನ ತಾರೀಖಿನವರೆಲ್ಲರ ಸರದಿಯನ್ನೂ ಅದರ ಜೊತೆ ಹೋಲಿಸಿ ಸರಿಮಾಡಿ, ಹಿಂದೆ ಸರಿದವರಿಗೂ ಮುಂದೆ ಹೋದವರಿಗೂ ನೀವೇ ತಿಳಿಸಿ. ತಂತ್ರಾಂಶವನ್ನು ಮತ್ತೆ ಪರೀಕ್ಷೆಗೆ ಕೂರಿಸಿ, ಈ ಸಲ ಸುಲಭದ ದಿನಗಳಿಂದ ಶುರುಮಾಡಿ. ಅಕ್ಕನಿಂದ ಬರೆಸಿಕೊಂಡ ಹೇಳಿಕೆಯನ್ನು ವಾಪಸು ಕೊಡಿ.

ಎಲ್ಲ ಸರಿಯಾದರೆ ಪಕ್ಕದ ಕುರ್ಚಿಯ ಡ್ರೈವರ್ ಮೇಯಿಂದ ಡಿಸೆಂಬರಿಗೆ ಇಳಿಯುತ್ತಾನೆ. "ಕಳಿಸೋ ಮುಂಚೆ ಅವನ ಮುಂದೆ ಓದು. ಬೆನ್ನ ಹಿಂದೆ ಬೇಡ," ಎಂದಿದ್ದಳು ಅಕ್ಕ. ನಿನ್ನೆ ಎರಡು ಕುರ್ಚಿಗಳ ನಡುವೆ ಸ್ಟೂಲ್ ಹಾಕಿಕೊಂಡು ಇದನ್ನು ಇಲ್ಲಿಯವರೆಗೆ ಓದಿದೆ. ಅವನು ತನ್ನ ಫೋನ್ ತೆಗೆದು ಮೇ ಹನ್ನೆರಡನ್ನು ಮತ್ತೊಮ್ಮೆ ನೋಡಿದ.

"ಅಂದ್ರೆ ನಾನು ಅಕ್ಕನ ಸೀಟಲ್ಲಿ ಕೂತಿದೀನಾ?"

ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಬಂದವಳಂತೆ.

"ನಾನಾಗೇ ಏಳಲ್ಲ ಸಾರ್. ಸುಳ್ಳು ಯಾಕೆ ಹೇಳ್ಲಿ, ಮಕ್ಕಳು ಇನ್ನೂ ಸಣ್ಣವು. ಯಾರಾದ್ರೂ ಎಬ್ಬಿಸಿದ್ರೆ ಏಳ್ತೀನಿ," ಎಂದ. ಆಮೇಲೆ, "ಕಳ್ಸಿ ಸಾರ್," ಎಂದ.

ಮಾನ್ಯರೇ, ಇವರಿಬ್ಬರಲ್ಲಿ ಯಾರು ಮೊದಲು ಎಂಬುದನ್ನು ಇವರಿಬ್ಬರೇ ತೀರ್ಮಾನಿಸಿಕೊಳ್ಳುವ ಗತಿ ತರಬೇಡಿ. ಅದು ನಿಮ್ಮ ಕೆಲಸ. ಮುಂದಿನ ಕಿಡ್ನಿ ಬರುವುದರೊಳಗೆ ಮಾಡಿ.

ಇಂತಿ,
ಕರೆ ಪಕ್ಕದ ಕುರ್ಚಿಗೆ ಬಂದರೆ ಸಂತೋಷಪಡಲು ಈಗಿನಿಂದಲೇ ಅಭ್ಯಾಸ ಮಾಡುತ್ತಿರುವ,
ರೋಗಿಯೊಬ್ಬಳ ತಮ್ಮ