ನುಣ್ಣಗಾದ ಗೋಲಿ

ಗೋಲಿ ಮಾವನವರಿಗೆ ನಮಸ್ಕಾರ.

ಅಪ್ಪ ತೀರಿಕೊಂಡ ಮೇಲೆ, ಅವರು ಕೂಡಿಸಿಟ್ಟಿದ್ದ ಗಾಜಿನ ಗೋಲಿಗಳನ್ನು ಮಾರಲೆಂದು ನಾನು ಕಳಿಸಿದಾಗ ಎಲ್ಲವನ್ನೂ ಗುರುತು ಹಿಡಿದಿರಿ, ಉಪಕಾರವಾಯಿತು. ಹಳೆಯ ಗೋಲಿ ಕೈಯಲ್ಲಿ ಮಾಡಿದ್ದು ಎನ್ನಲು, ಬಿಸಿ ಗಾಜಿನ ಕಡ್ಡಿಯಿಂದ ಅದನ್ನು ಮುರಿದು ತೆಗೆದಾಗ ಉಳಿಯುವ ಒರಟು ಕಲೆಯೇ ಸಾಕ್ಷಿ, ನೀಲಿ ಸುರುಳಿಯ ಗೋಲಿಯಲ್ಲಿ ಯಾರೋ ಆ ಕಲೆಯನ್ನೇ ಉಜ್ಜಿ ಹಾಳುಮಾಡಿದ್ದಾರೆ, “ಅವರ ಕೈ ಸೇದಿಹೋಗಲಿ” ಎಂದು ಬರೆದಿದ್ದೀರಿ.

ಆ ಕೈ ನನ್ನದೇ, ಮಾವ. ಹತ್ತು ವರ್ಷದವಳಿದ್ದಾಗ ಅಪ್ಪನ ಹುಟ್ಟುಹಬ್ಬಕ್ಕೆಂದು ಮೂರು ದಿನ ಉಪ್ಪುಕಾಗದದಲ್ಲಿ ಉಜ್ಜಿದ್ದೆ. “ಅಬ್ಬಾ, ಎಷ್ಟು ನುಣ್ಣಗಾಯ್ತು ಪುಟ್ಟಿ!” ಅಂದಿದ್ದರು. ಅದು ಹಾಳಾಯಿತೆಂದು ಆಮೇಲೆ ನಲವತ್ತು ವರ್ಷವೂ ನನಗೆ ಹೇಳಲಿಲ್ಲ.

ನಿನ್ನೆ ಆ ಗೋಲಿಯ ಖಾಲಿ ಡಬ್ಬಿಯಲ್ಲಿ ಉಳಿದಿದ್ದ ಚೀಟಿ ನೋಡಿದೆ. ‘ಕೈಕೆಲಸ ಯಾರದು’ ಎಂಬಲ್ಲಿ ಅಪ್ಪ ಪ್ರತಿ ಗೋಲಿಯ ಚೀಟಿಯಲ್ಲೂ ‘ಗೊತ್ತಿಲ್ಲ’ ಎಂದೇ ಬರೆಯುತ್ತಿದ್ದರು. ಇದರಲ್ಲಿ ಮಾತ್ರ ಅದನ್ನು ಹೊಡೆದುಹಾಕಿ ‘ನನ್ನ ಮಗಳದು’ ಎಂದು ಬರೆದಿದ್ದಾರೆ.

ಆ ಗೋಲಿಯೊಂದನ್ನು ಯಾರಿಗೂ ಕೊಡಬೇಡಿ. ಹತ್ತಿಯಲ್ಲಿ ಸುತ್ತಿ ಕಳಿಸಿ.

ಇಂತಿ,
ನಿಮ್ಮ ಗೆಳೆಯನ ಮಗಳು